ಅತ್ತೆಯ ಪಾಲಿನ ಸ್ಪೀಕರು

ಇಡೀ ವಸ್ತುವನ್ನೇ ಹೊಸದಾಗಿ ಕೊಳ್ಳುವವರು ಪುಣ್ಯವಂತರು. ಅಂಗಡಿಗೆ ಹೋಗುತ್ತಾರೆ, ಬೆರಳು ತೋರಿಸುತ್ತಾರೆ, ಹೊರಿಸಿಕೊಂಡು ಬರುತ್ತಾರೆ. ಇರುವ ವಸ್ತುವಿನಲ್ಲಿ ಒಂದೇ ಒಂದು ಭಾಗವನ್ನು ಬದಲಾಯಿಸುವ ಶಕ್ತಿಯಿದೆ, ಯಾವುದು ಅಂತ ನೀವೇ ಹೇಳಿ ಎಂದಾಗ ಮಾತ್ರ ಸಂಸಾರದ ನಿಜವಾದ ಬಣ್ಣ ಹೊರಗೆ ಬರುತ್ತದೆ. ಮದುವೆಯೂ ಹಾಗೆಯೇ ಅಲ್ಲವೇ? ಮನುಷ್ಯ ಒಳ್ಳೆಯವನು, ಗೊರಕೆಯೊಂದನ್ನು ಬದಲಾಯಿಸಿದರೆ ಸಾಕು ಎಂದುಕೊಂಡು ಶುರು ಮಾಡುತ್ತೇವೆ. ಎಷ್ಟೋ ವರ್ಷದ ಮೇಲೆ ನೋಡಿದರೆ ಗೊರಕೆ ಹಾಗೇ ಇರುತ್ತದೆ. ಆ ಗೊರಕೆ ಇಲ್ಲದಿದ್ದರೆ ನಿದ್ದೆ ಬಾರದ ಹಾಗೆ ನಾವು ಬದಲಾಗಿರುತ್ತೇವೆ.

ನನ್ನನ್ನು ಓದಿಸಿದ್ದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರುಗಳು ಹೆಣ್ಣುಮಕ್ಕಳಿಗೆ ಬೇಕಾದ್ದನ್ನೆಲ್ಲ ಕಲಿಸಿದ್ದೇವೆ ಎಂಬ ಪೂರ್ತಿ ನಂಬಿಕೆಯಿಂದ ನನ್ನನ್ನು ಹೊರಗೆ ಕಳಿಸಿದರು. ಪಿಯಾನೋ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುವುದು, ಸೂಪನ್ನು ಸದ್ದಾಗದಂತೆ ಕುಡಿಯುವುದು, ಕರ್ಚೀಫಿನ ಅಂಚಿಗೆ ನೀಲಿ ದಾರದ ಹೂವು ಹೊಲಿಯುವುದು, ಯಾರಾದರೂ ಕೆಮ್ಮಿದರೂ ‘ಬ್ಲೆಸ್ ಯು’ ಎನ್ನುವುದು, ಎಲ್ಲ ಬರುತ್ತಿತ್ತು. ರೊಟ್ಟಿ ತಟ್ಟುವುದು ಮಾತ್ರ ಸಿಲಬಸ್ಸಿನಲ್ಲಿ ಇರಲಿಲ್ಲ. ಇಷ್ಟು ವಿದ್ಯೆ ಇಟ್ಟುಕೊಂಡು ನಾನು ಬಂದು ಸೇರಿದ್ದು ಒಬ್ಬ ದನದ ಡಾಕ್ಟರ ಮನೆಯನ್ನು. ವೆಟರ್ನರಿ ಸರ್ಜನ್ ಎಂದರೆ ಜಗಳೂರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ದನದ ಡಾಕ್ಟ್ರು ಎಂದರೆ ಮನೆ ಬಾಗಿಲಿನವರೆಗೂ ಬಂದು ಬಿಟ್ಟು ಹೋಗುತ್ತಿದ್ದರು. ಅಲ್ಲಿಂದ ವರ್ಗವಾಗಿ ನ್ಯಾಮತಿ, ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ಚನ್ನಗಿರಿ. ಪ್ರತಿ ಸಲವೂ ಲಾರಿಯಲ್ಲಿ ಎಲ್ಲಕ್ಕಿಂತ ಮೇಲೆ, ಹಾಸಿಗೆಗಳ ನಡುವೆ, ನನ್ನ ಅತ್ತೆಯ ರೊಟ್ಟಿ ಹಲಗೆ ಕೂತು ಬರುತ್ತಿತ್ತು. ಅತ್ತೆ ನನ್ನನ್ನು ‘ಕಾನ್ವೆಂಟಮ್ಮ’ ಎಂದೇ ಕರೆಯುತ್ತಿದ್ದರು. “ಕಾನ್ವೆಂಟಮ್ಮ, ನೀ ಪಲ್ಯ ಹೆಚ್ಚಿಕೊಡು ಸಾಕು. ರೊಟ್ಟಿ ನಾ ನೋಡ್ಕಂತೀನಿ. ನಿನ್ನ ಕೈಯಾಗಿನ ರೊಟ್ಟಿ ನೋಡಿದ್ರೆ ಭೂಪಟ ನೋಡಿದಂಗಾಗ್ತೈತೆ.” ಇದು ಬೈಗುಳವಲ್ಲ, ಕೆಲಸದ ಹಂಚಿಕೆ. ನನಗೂ ಅದು ಒಪ್ಪಿಗೆಯೇ ಇತ್ತು.

ನಮ್ಮ ಮನೆಗೆ ಸ್ಟೀರಿಯೋ ಬಂದದ್ದು ಹೊನ್ನಾಳಿಯಲ್ಲಿ, ಒಂದು ನಾಯಿಯ ಕೃಪೆಯಿಂದ. ರಿಟೈರಾಗಿ ಊರು ಬಿಡುತ್ತಿದ್ದ ಇಂಜಿನಿಯರ್ ಒಬ್ಬರ ಅಲ್ಸೇಷಿಯನ್ ನಾಯಿಗೆ ನಮ್ಮ ಯಜಮಾನರು ಬಹಳ ಶ್ರದ್ಧೆಯಿಂದ ಶುಶ್ರೂಷೆ ಮಾಡಿದ್ದರು. ನಾಯಿ ಬದುಕಿತು. ಇಂಜಿನಿಯರು ಸಂತೋಷಪಟ್ಟು ತಮ್ಮ ಸೆಟ್ಟನ್ನು ಅತಿ ಕಡಿಮೆಗೆ ಇವರಿಗೇ ಬಿಟ್ಟು ಹೋದರು. ರೆಕಾರ್ಡು ತಿರುಗಿಸುವ ಪೆಟ್ಟಿಗೆ ಒಂದು, ನಾಕಾರು ಗುಂಡಿಗಳಿದ್ದ ಆಂಪ್ಲಿಫೈಯರ್ ಒಂದು, ಮರದ ಪೆಟ್ಟಿಗೆಯ ಸ್ಪೀಕರು ಎರಡು, ಜೊತೆಗೆ ಒಂದು ಗೋಣಿಚೀಲದ ತುಂಬ ರೆಕಾರ್ಡುಗಳು. ಕವರುಗಳನ್ನು ಆ ನಾಯಿಯೇ ತಿಂದಿತ್ತು, ನಡುವಿನ ಚೀಟಿಗಳ ಅಕ್ಷರ ಅಳಿಸಿಹೋಗಿತ್ತು. ಹಾಗಾಗಿ ಯಾವ ರೆಕಾರ್ಡಿನಲ್ಲಿ ಯಾರು ಏನು ನುಡಿಸಿದ್ದಾರೆ ಎಂಬುದು ಹಚ್ಚಿ ಕೇಳಿದ ಮೇಲೂ ನಮಗೆ ತಿಳಿಯುತ್ತಿರಲಿಲ್ಲ. ‘ಹಸಿರು ಚೀಟಿಯದು ಹಾಕು’, ‘ಅಂಚು ಒಡೆದದ್ದು ಹಾಕು’, ಹೀಗೆ ನಮ್ಮ ಸಂಗೀತಜ್ಞಾನ ಬೆಳೆಯಿತು.

ಸೆಟ್ಟನ್ನು ಮುಂದಿನ ಹಾಲಿನಲ್ಲಿ ಜೋಡಿಸುತ್ತಿದ್ದಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದರು.

“ಏನೋ, ಎರಡು ಡಬ್ಬಿ ಅದಾವಲ್ಲ, ಎರಡರಾಗೂ ಹಾಡು ಬರ್ತೈತಾ?”

“ಹೂಂನವ್ವಾ.”

“ಹಂಗಾದ್ರೆ ಒಂದೇ ಕೋಣೆಗೆ ಎರಡ್ಯಾಕೆ? ಒಂದು ನನ್ನ ಕಡಿ ಇಡು. ನಿನ್ನ ಗೆಳೆಯರು ಬಂದು ಕುಂತಾಗ ನಾ ಏನ್ ಅಲ್ಲಿ ಬಂದು ಕುಂದ್ರಾಕೆ ಆಗ್ತೈತಾ?”

ನೋಡಿ, ಇದಕ್ಕಿಂತ ನ್ಯಾಯವಾದ ಪಾಲು ಯಾವ ಕೋರ್ಟಿನಲ್ಲೂ ಆಗಿರಲಾರದು. ಗಂಡಸರಿಗೊಂದು, ಹೆಂಗಸರಿಗೊಂದು. ಬಲಗಡೆಯದು ಹಾಲಿನಲ್ಲಿ ಉಳಿಯಿತು, ಎಡಗಡೆಯದು ಅಡುಗೆಮನೆಯ ಶೆಲ್ಫಿಗೆ ಹೋಯಿತು. ಚನ್ನಗಿರಿಯ ಮನೆಗೆ ಬಂದಾಗಲೂ ಇದೇ ವ್ಯವಸ್ಥೆ. ಅದು ರೈಲಿನ ಹಾಗೆ ಉದ್ದದ ಮನೆ: ಮುಂದೆ ಹಾಲು, ಮಧ್ಯೆ ನಡುಮನೆ, ಹಿಂದೆ ಅಡುಗೆಮನೆ. ಸ್ಪೀಕರಿನ ವೈರು ನಡುಮನೆಯ ಗೋಡೆಯುದ್ದಕ್ಕೂ ಹಾದು ಹೋಗುತ್ತಿತ್ತು, ಅದರ ಮೇಲೆ ಅತ್ತೆ ಕೈವಸ್ತ್ರ ಒಣಹಾಕುತ್ತಿದ್ದರು. ಹಿಟ್ಟಿನ ಧೂಳು ಕೂರಬಾರದೆಂದು ತಮ್ಮ ಸ್ಪೀಕರಿಗೆ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಹೊದಿಸಿದ್ದರು. ಹಬ್ಬದ ದಿನ ಅದಕ್ಕೂ ಒಂದು ಹೂವು. ಅವರ ತವರಿನಿಂದ ಬಂದ ಹಲಗೆಯೊಂದನ್ನು ಬಿಟ್ಟರೆ ಆ ಮನೆಯಲ್ಲಿ ‘ನಂದು’ ಎಂದು ಅವರು ಹೇಳುತ್ತಿದ್ದದ್ದು ಆ ಡಬ್ಬಿಯನ್ನೊಂದೇ.

ಭಾನುವಾರ ಬೆಳಿಗ್ಗೆ ಪಕ್ಕದ ಬೀದಿಯ ಪ್ಲೀಡರ್ ಗುರುಬಸಪ್ಪನವರು ಸಂಗೀತ ಕೇಳಲು ಬರುತ್ತಿದ್ದರು. ಬಿಳಿ ಪಂಚೆ, ಕೈಯಲ್ಲಿ ನಶ್ಯದ ಡಬ್ಬಿ, ತಲೆದೂಗುವುದರಲ್ಲಿ ಎತ್ತಿದ ಕೈ. ಅವರಿಗೂ ನಮ್ಮವರಿಗೂ ಪ್ರಾಣಕ್ಕಿಂತ ಪ್ರಿಯವಾದದ್ದು ಆ ಅಂಚು ಒಡೆದ ರೆಕಾರ್ಡು. ಅದರಲ್ಲಿ ಒಂದು ವೀಣೆ. ಏನು ವೀಣೆ ಅಂತೀರಿ! ಒಂದು ಮಾತು ಆಡುವುದು, ನಿಲ್ಲುವುದು. ಇನ್ನೊಂದು ಮಾತು ಆಡುವುದು, ಮತ್ತೆ ನಿಲ್ಲುವುದು. ನಿಂತಾಗ ಬಹಳ ಹೊತ್ತು ನಿಲ್ಲುತ್ತಿತ್ತು. ಆಗ ಎಲ್ಲೋ ದೂರದಿಂದ ಮಬ್ಬಾಗಿ ಏನೋ ಕೇಳಿಬರುತ್ತಿತ್ತು. ಅದನ್ನು ಗಂಡಸರು ಪಕ್ಕದ ಮನೆಯ ರೇಡಿಯೋ ಎಂದು ತೀರ್ಮಾನಿಸಿ ಬೇಸರಪಡುತ್ತಿದ್ದರು. ವೀಣೆ ಮತ್ತೆ ಶುರುವಾದಾಗ ಜೊತೆಯಲ್ಲಿ ಹದವಾದ ಒಂದು ತಾಳ. “ವೀಣೆಯವನು ಇರಲಿ ಡಾಕ್ಟ್ರೇ, ಆ ಮೃದಂಗದವನ ಕೈ ನೋಡ್ರಿ! ಎಷ್ಟು ಹಗುರ ಐತೆ! ತಾನೊಬ್ಬ ಇದೀನಿ ಅಂತ ತೋರಿಸ್ಕಳ್ಳಂಗೇ ಇಲ್ಲ,” ಎಂದು ಪ್ಲೀಡರು ಕಣ್ಣು ಮುಚ್ಚುತ್ತಿದ್ದರು.

ಆದರೆ ಆ ನಡುನಡುವಿನ ಮೌನ ಅವರನ್ನು ಕೊರೆಯುತ್ತಿತ್ತು. ಸೆಟ್ಟಿನಲ್ಲಿ ಏನೋ ಕೈಕೊಡುತ್ತಿದೆ ಎಂಬ ಅನುಮಾನ. ಆ ವರ್ಷ ನಮ್ಮವರಿಗೆ ಸಂಬಳದ ಅರಿಯರ್ಸ್ ಬಂತು. ಸೆಟ್ಟಿನ ಯಾವುದಾದರೂ ಒಂದು ಭಾಗವನ್ನು ದಾವಣಗೆರೆಯಿಂದ ಹೊಸದು ತರಬಹುದು, ಒಂದನ್ನು ಮಾತ್ರ, ಎಂದು ಅವರು ಘೋಷಿಸಿದ ದಿನದಿಂದ ಮನೆಯ ನೆಮ್ಮದಿ ಹೋಯಿತು. ಯಾವ ಭಾಗ?

ನಮ್ಮವರು ತಮಗೆ ಗೊತ್ತಿದ್ದ ವಿಧಾನದಲ್ಲಿ ಶುರು ಮಾಡಿದರು. ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಂಡು ಸ್ಪೀಕರಿನ ಎದೆ, ಆಂಪ್ಲಿಫೈಯರಿನ ಹೊಟ್ಟೆ ಎಲ್ಲ ಪರೀಕ್ಷಿಸಿದರು. ಉಬ್ರಾಣಿಯ ಕಡೆಯ ಎಮ್ಮೆಯೊಂದರ ಹೊಟ್ಟೆಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪಿದೆ ಎಂದು ಕೇಳಿಯೇ ಕಂಡುಹಿಡಿದ ಕಿವಿ ಅದು. “ಹೊಟ್ಟೆಯಲ್ಲೇ ತೊಂದರೆ, ಆಂಪ್ಲಿಫೈಯರೇ ಬದಲಾಯಿಸಬೇಕು,” ಎಂದರು. ಪ್ಲೀಡರು ಒಪ್ಪಲಿಲ್ಲ. “ನೋಡ್ರಿ, ರೆಕಾರ್ಡು ಅಂದ್ರೆ ಸಾಕ್ಷಿ. ಸೂಜಿ ಅಂದ್ರೆ ಸಾಕ್ಷಿ ಬಾಯಿ ಬಿಡಿಸೋ ಪ್ಲೀಡ್ರು. ಆಂಪ್ಲಿಫೈಯರ್ ಅಂದ್ರೆ ಜಡ್ಜು. ಸ್ಪೀಕರು ಅಂದ್ರೆ ಬಾಗಿಲಾಗೆ ನಿಂತು ಕೂಗೋ ಜವಾನ. ಸಾಕ್ಷಿ ನಡುವೆ ಸುಮ್ಮನಾದ್ರೆ ತಪ್ಪು ಯಾರ್ದು? ಪ್ಲೀಡ್ರುದು. ಸೂಜಿ ಬದಲಾಯಿಸ್ರಿ.” ಮುಂದಿನ ಭಾನುವಾರ ಅವರೇ ಜಡ್ಜನ್ನು ಬದಲಾಯಿಸಬೇಕೆಂದು ವಾದಿಸಿದರು, ನಮ್ಮವರು ಪ್ಲೀಡರನ್ನು. ನನ್ನನ್ನು ಯಾರೂ ಕೇಳಲಿಲ್ಲವಾದರೂ ನನಗೂ ಒಂದು ಒಪಿನಿಯನ್ ಇತ್ತು. ರೆಕಾರ್ಡು ತಿರುಗಿಸುವ ಪೆಟ್ಟಿಗೆಯನ್ನೇ ಹೊಸದು ತರಬೇಕು, ಏಕೆಂದರೆ ಹಳೆಯದರ ಬಣ್ಣ ನಮ್ಮ ಕರ್ಟನ್ನಿಗೆ ಮ್ಯಾಚ್ ಆಗುತ್ತಿರಲಿಲ್ಲ. ನಗಬೇಡಿ. ಅವರಿಬ್ಬರ ಕಾರಣಗಳೂ ಇದಕ್ಕಿಂತ ಉತ್ತಮವಾಗಿರಲಿಲ್ಲ.

ಅತ್ತೆ ಮಾತ್ರ ಒಂದೇ ಮಾತು ಹೇಳಿದರು. “ಅಲ್ಲಿ ಏನರ ಕಳಚ್ರಿ, ಏನರ ಜೋಡಿಸ್ರಿ. ನನ್ನ ಡಬ್ಬಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಅದು ಚಲೋ ಐತೆ.”

“ಅವ್ವಾ, ನಿನ್ನದರಲ್ಲಿ ವೀಣೆ ನಡುವೆ ನಿಲ್ಲೋದಿಲ್ಲೇನು?”

“ವೀಣೆ? ನನ್ನದರಾಗೆ ಯಾವ ವೀಣೆನೂ ಇಲ್ಲಪ್ಪಾ,” ಎಂದು ಅತ್ತೆ ಹಿಟ್ಟು ನಾದಲು ಹೋದರು. ವಯಸ್ಸಾಯಿತು ಎಂದು ಗಂಡಸರು ಮುಖ ಮುಖ ನೋಡಿಕೊಂಡರು.

ವಾದ ಸೂಜಿಯ ಕಡೆಗೆ ವಾಲಿ, ನಮ್ಮವರು ಸೋಮವಾರ ದಾವಣಗೆರೆ ಬಸ್ಸು ಹತ್ತುವುದು ಎಂದು ನಿಶ್ಚಯವಾದ ಭಾನುವಾರ ನಾನು ಎರಡು ಲೋಟ ಕಾಫಿಯ ಟ್ರೇ ಹಿಡಿದು ನಡುಮನೆಗೆ ಬಂದೆ. ದಿನಾ ಬರುವುದೇ. ಆವತ್ತು ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಅದನ್ನು ಸರಿಮಾಡಿಕೊಳ್ಳಲಾಗದೆ ಒಂದು ಗಳಿಗೆ ನಿಂತುಬಿಟ್ಟೆ. ಮುಂದಿನಿಂದ ವೀಣೆ ಒಂದು ಮಾತು ಕೇಳಿತು. ಅದು ಮುಗಿಯುತ್ತಲೇ ಹಿಂದಿನಿಂದ, ಅಡುಗೆಮನೆಯಿಂದ, ಒಂದು ಪಿಟೀಲು ಅದಕ್ಕೆ ಉತ್ತರ ಕೊಟ್ಟಿತು! ವೀಣೆ ಮತ್ತೆ ಕೇಳಿತು, ಪಿಟೀಲು ಮತ್ತೆ ಹೇಳಿತು. ಅದು ಒಬ್ಬರ ಕಛೇರಿಯೇ ಅಲ್ಲ, ಇಬ್ಬರ ಮಾತುಕತೆ. ಎರಡು ಸ್ಪೀಕರನ್ನೂ ಎದುರಿಗಿಟ್ಟು ಮಧ್ಯೆ ಕೂತು ಕೇಳಬೇಕಾದದ್ದನ್ನು ನಾವು ಇಷ್ಟು ದಿನ ಮನೆಯ ಎರಡು ತುದಿಗೆ ಹರಿದು ಹಂಚಿಕೊಂಡಿದ್ದೆವು. ಹಾಲಿನಿಂದ ‘ಕಾಫಿ ಆಯ್ತೇನೇ?’ ಎಂಬ ಪ್ರಶ್ನೆ, ಅಡುಗೆಮನೆಯಿಂದ ‘ಬಂತು’ ಎಂಬ ಉತ್ತರ. ನಮ್ಮ ಮನೆಯ ಉಳಿದೆಲ್ಲ ಸಂಭಾಷಣೆಯೂ ಹಾಗೆಯೇ ನಡೆಯುತ್ತಿದ್ದುದರಿಂದ ಯಾರಿಗೂ ಸಂಶಯವೇ ಬಂದಿರಲಿಲ್ಲ.

ಕಾನ್ವೆಂಟಿನವಳಲ್ಲವೇ, ಸುಮ್ಮನಿರುತ್ತೇನೆಯೇ? ಟ್ರೇ ಇಟ್ಟು, ಮ್ಯೂಸಿಕ್ ಸಿಸ್ಟರ್ ನಿಲ್ಲುತ್ತಿದ್ದ ಭಂಗಿಯಲ್ಲೇ ನಿಂತು, ಸ್ಟೀರಿಯೋ ಎಂದರೇನು ಎಂದು ಇಬ್ಬರಿಗೂ ಒಂದು ಲೆಕ್ಚರ್ ಕೊಟ್ಟೆ. “ಯಾವ ಭಾಗವನ್ನೂ ಬದಲಾಯಿಸಬೇಕಾಗಿಲ್ಲ. ಜಾಗ ಬದಲಾಯಿಸಿ, ಸಾಕು!” ಎಂದೆ. ಪ್ಲೀಡರು “ವಾರೆವ್ಹಾ ಡಾಕ್ಟ್ರಮ್ಮಾ!” ಎಂದರು. ನಮ್ಮವರು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಅವರು ಹಾಗೆ ನೋಡಿದ ಸಂದರ್ಭಗಳು ಕಡಿಮೆ, ಆದ್ದರಿಂದ ನಾನು ಇನ್ನೂ ಐದು ನಿಮಿಷ ಮಾತಾಡಿದೆ. ಮಾತು ಮುಗಿಯುವ ಹೊತ್ತಿಗೆ ಅವರು ಅಡುಗೆಮನೆಗೆ ಹೋಗಿ ಸ್ಪೀಕರನ್ನು ಎತ್ತಿಕೊಂಡು ಬಂದಾಗಿತ್ತು. ಅದರ ಮೇಲಿದ್ದ ಸೀರೆಯ ತುಂಡನ್ನು ಅತ್ತೆ ಮಡಿಸಿ ಹಿಟ್ಟಿನ ಡಬ್ಬಿಯ ಮೇಲಿಟ್ಟರು. “ಇರ್ಲಿ ಬಿಡು. ಡಬ್ಬಿ ಏನು ನನ್ನ ತವರಿನದಾ,” ಎಂದರು ಅಷ್ಟೆ.

ಹಾಲಿನಲ್ಲಿ ಆವತ್ತು ಜಾತ್ರೆಯ ಸಂಭ್ರಮ. ವೀಣೆ ಈ ಕಡೆ, ಪಿಟೀಲು ಆ ಕಡೆ, ನಡುವೆ ಒಂದೂ ತೂತಿಲ್ಲ. ಆದರೆ ಅರ್ಧ ರೆಕಾರ್ಡು ಮುಗಿಯುವಷ್ಟರಲ್ಲಿ ಪ್ಲೀಡರು ನಶ್ಯದ ಡಬ್ಬಿ ಕೆಳಗಿಟ್ಟರು.

“ಡಾಕ್ಟ್ರೇ, ಮೃದಂಗ ಎಲ್ಲಿ ಹೋತು?”

“ಅಂದ್ರೆ?”

“ಅದೇ, ಆ ಹಗುರ ಕೈ. ಒಂದು ಏಟೂ ಕೇಳಂಗಿಲ್ಲ ನೋಡ್ರಿ!”

ನಮ್ಮವರು ಕಿವಿಗೊಟ್ಟರು. ನಿಜ, ಮೃದಂಗ ಇರಲಿಲ್ಲ. ಗುಂಡಿ ತಿರುಗಿಸಿದರು, ವೈರು ಅಲುಗಾಡಿಸಿದರು, ಸ್ಟೆತಾಸ್ಕೋಪು ತಂದರು. ಪಿಟೀಲು ಸಿಕ್ಕಿತು, ಮೃದಂಗ ಕಳೆಯಿತು. ಹಾಗಾದರೆ ಆಂಪ್ಲಿಫೈಯರನ್ನೇ ಬದಲಾಯಿಸಬೇಕು, ನಾಳೆಯ ಬಸ್ಸಿಗೆ ಹೊರಡುವುದೇ ಸರಿ ಎಂಬಲ್ಲಿಗೆ ಬಂದು ನಿಂತರು. ನನ್ನ ಲೆಕ್ಚರಿನ ಬೆಲೆ ಅರ್ಧ ಗಂಟೆಯಲ್ಲಿ ಇಳಿಯಿತು. ಮುಖ ಸಣ್ಣದು ಮಾಡಿಕೊಂಡು ನಾನು ಅಡುಗೆಮನೆಗೆ ಹೋದೆ.

ಅಲ್ಲಿ ಅತ್ತೆ ಹಲಗೆಯ ಮುಂದೆ ಸುಮ್ಮನೆ ಕೂತಿದ್ದರು. ಹಂಚು ಕಾದು ಹೊಗೆಯಾಡುತ್ತಿತ್ತು. ತಟ್ಟಿಟ್ಟಿದ್ದ ರೊಟ್ಟಿಗಳು ನನ್ನವೇ ಏನೋ ಎನ್ನುವಷ್ಟು ದಪ್ಪವಾಗಿದ್ದವು, ಒಂದರ ಅಂಚು ಒಡೆದಿತ್ತು.

“ಯಾಕತ್ತೆ, ಹುಷಾರಿಲ್ವಾ?”

“ಹುಷಾರಿಗೇನು. ಕೈ ನಡೀವಲ್ದು.” ಹಿಟ್ಟಿನ ಕೈಯನ್ನು ತಿರುಗಿಸಿ ನೋಡಿಕೊಂಡರು. “ನಿನಗೆ ಹೆಂಗೆ ಹೇಳ್ಲಿ ಕಾನ್ವೆಂಟಮ್ಮ. ಆ ಡಬ್ಬಿ ಒಂದು ಮಾತು ಆಡ್ತಿತ್ತು, ಸುಮ್ನಾಗ್ತಿತ್ತು. ಸುಮ್ನಾದಾಗ ನಾ ತಟ್ತಿದ್ದೆ. ಮತ್ತೆ ಅದು ಶುರು ಮಾಡಿದಾಗ ರೊಟ್ಟಿ ಎತ್ತಿ ಹಂಚಿಗೆ ಹಾಕ್ತಿದ್ದೆ. ನನಗೋಸ್ಕರನೇ ಅಷ್ಟು ಜಾಗ ಬಿಡ್ತೈತೆ ಅನ್ಕಂಡಿದ್ದೆ. ಈಗ ಯಾವಾಗ ತಟ್ಟಬೇಕು, ಯಾವಾಗ ಬಿಡಬೇಕು, ಗೊತ್ತಾಗಂಗಿಲ್ಲ.”

ನಾನು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ಪಿಟೀಲು ಸುಮ್ಮನಾದಾಗ ಹಾಲಿನಲ್ಲಿ ವೀಣೆ ನುಡಿಯುತ್ತಿತ್ತು; ಆಗ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ತಟ್ಟುತ್ತಿದ್ದರು. ಪಿಟೀಲಿನ ದನಿಯನ್ನು ಸೀರೆಯ ತುಂಡು ಅಡಗಿಸಿತ್ತು, ಆದರೆ ಹಲಗೆಯ ಸದ್ದಿಗೆ ಯಾವ ಗೋಡೆಯೂ ಲೆಕ್ಕವಿರಲಿಲ್ಲ. ಆ ರೆಕಾರ್ಡಿನಲ್ಲಿ ಮೃದಂಗವೇ ಇರಲಿಲ್ಲ. ಕಾನ್ವೆಂಟಿನ ಸಂಗೀತ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ಪಡೆದವಳು ನಾನು. ಅತ್ತೆಯಿಂದ ಒಂದು ಮಾರು ದೂರದಲ್ಲಿ ಕೂತು ಪಲ್ಯ ಹೆಚ್ಚುತ್ತ, ಕೈಯನ್ನು ನೋಡುತ್ತಲೇ ಇದ್ದೆ, ಕೇಳಿರಲಿಲ್ಲ.

ಹಾಲಿಗೆ ಹೋಗಿ ಹೇಳಿದೆ. ಈ ಸಲ ಭಂಗಿ ಇಲ್ಲದೆ, ಎರಡೇ ಮಾತಿನಲ್ಲಿ. ನಮ್ಮವರ ಕೈಯಲ್ಲಿದ್ದ ಸ್ಟೆತಾಸ್ಕೋಪು ಹಾಗೇ ಇಳಿಯಿತು. ಪ್ಲೀಡರು ಎದ್ದರು, ಪಂಚೆ ಸರಿಮಾಡಿಕೊಂಡರು, ಅಷ್ಟು ವರ್ಷದಲ್ಲಿ ಮೊದಲ ಸಲ ನಡುಮನೆ ದಾಟಿ ಅಡುಗೆಮನೆಯ ಬಾಗಿಲಿನ ಹೊರಗೆ ನಿಂತರು.

“ಅವ್ವಾರೇ, ಆ ಮೃದಂಗ ನೀವೇನ್ರಿ?”

ಅತ್ತೆ ಗಾಬರಿಯಿಂದ ಸೆರಗು ಎಳೆದುಕೊಂಡರು. “ರೊಟ್ಟಿ ತಟ್ಟಿದ್ದು ನಿಮ್ಮ ಹಾಡಿಗೆ ಅಡ್ಡ ಆತೇನಪ್ಪಾ? ನನಗೇನು ಗೊತ್ತು, ಅಷ್ಟು ದೂರ ಕೇಳ್ತೈತೆ ಅಂತ.”

“ಅಡ್ಡ ಅಲ್ಲ ತಾಯೀ. ನೀವು ತಟ್ಟದೆ ಅದು ಹಾಡೇ ಅಲ್ಲ ಅಂತ ಹೇಳಾಕೆ ಬಂದೀನಿ.”

ಅತ್ತೆ ಹಂಚಿನ ಕಡೆ ತಿರುಗಿ, “ಹಂಚು ಸುಟ್ಟು ಕರಕಲಾತು, ನಿಂತ್ಕಂಡು ನೋಡ್ತೀಯಲ್ಲ,” ಎಂದು ನನ್ನನ್ನು ಗದರಿದರು. ಆದರೆ ನಮ್ಮವರು ಸ್ಪೀಕರನ್ನು ವಾಪಸು ತಂದಿಟ್ಟಾಗ, ಸೀರೆಯ ತುಂಡನ್ನು ಹೊದಿಸುವ ಮುಂಚೆ, ಅದರ ಮರದ ಮೇಲೆ ಒಮ್ಮೆ ಅಂಗೈ ಆಡಿಸಿದ್ದನ್ನು ನಾನು ನೋಡಿದೆ. ಅಂಗೈಯ ಬಿಳಿ ಗುರುತು ಬಹಳ ದಿನ ಅಲ್ಲೇ ಇತ್ತು.

ಅಂದಿನಿಂದ ಭಾನುವಾರ ಇಬ್ಬರು ಗಂಡಸರೂ ಕುರ್ಚಿ ಎತ್ತಿಕೊಂಡು ಬಂದು ನಡುಮನೆಯಲ್ಲಿ ಕೂರತೊಡಗಿದರು. ಮುಂದಿನಿಂದ ವೀಣೆ, ಹಿಂದಿನಿಂದ ಪಿಟೀಲೂ ಅತ್ತೆಯೂ. ನಾನು ಟ್ರೇ ಹಿಡಿದು ಅವರ ಮೊಣಕಾಲುಗಳ ನಡುವೆ ಪಕ್ಕವಾಗಿ ನುಸುಳಿ ಹೋಗಬೇಕಾಗಿತ್ತು. ಮನೆಯ ಅತ್ಯುತ್ತಮ ಜಾಗವನ್ನು ಕಂಡುಹಿಡಿದವಳು ನಾನು, ಕುರ್ಚಿ ಹಾಕಿಕೊಂಡವರು ಅವರು.

ಅಪ್‌ಗ್ರೇಡ್ ಏನಾಯಿತು ಅಂತೀರಾ? ಆಯಿತು. ಅರಿಯರ್ಸಿನಲ್ಲಿ ನಮ್ಮವರು ಹಲಸಿನ ಮರದಿಂದ ಹೊಸದೊಂದು ರೊಟ್ಟಿ ಹಲಗೆ ಮಾಡಿಸಿದರು. ವೀಣೆ, ಮೃದಂಗ ಎಲ್ಲ ಹಲಸಿನದೇ ಆಗುವುದು, ಹಾಗಾಗಿ ಹಲಗೆಯೂ ಅದೇ ಇರಲಿ ಎಂಬ ಶಾಸ್ತ್ರೀಯ ಲೆಕ್ಕಾಚಾರ. ಒಂದು ಭಾನುವಾರ ಪರೀಕ್ಷೆ. ಮೊದಲು ಹಳೆಯ ಹಲಗೆ, ಆಮೇಲೆ ಹೊಸದು, ಮತ್ತೆ ಹಳೆಯದು. ನಡುಮನೆಯಲ್ಲಿ ಇಬ್ಬರೂ ಕಣ್ಣು ಮುಚ್ಚಿ ಕೂತು ಕೇಳಿದರು. “ಹೊಸದರಾಗೆ ಗುಮ್ ಅನ್ನೋ ನಾದ ಜಾಸ್ತಿ ಐತೆ,” ಎಂದರು ಪ್ಲೀಡರು. “ಹಳೆಯದರಲ್ಲಿ ಅಂಚು ಸ್ಪಷ್ಟವಾಗಿದೆ,” ಎಂದರು ನಮ್ಮವರು. ಮುಂದಿನ ವಾರ ಇಬ್ಬರೂ ಅಭಿಪ್ರಾಯ ಅದಲುಬದಲು ಮಾಡಿಕೊಂಡರು. ಅತ್ತೆ ಮಾತ್ರ ಮೂರನೆಯ ರೊಟ್ಟಿಗೇ ತೀರ್ಪು ಕೊಟ್ಟಿದ್ದರು: “ಇದಕ್ಕೆ ಹಿಟ್ಟು ಅಂಟ್ತೈತೆ. ನನಗೆ ನಂದೇ ಇರ್ಲಿ.” ಹೊಸ ಹಲಗೆಯನ್ನು ಸೂಜಿ, ವೈರು, ಸ್ಟೆತಾಸ್ಕೋಪು ಇಡಲು ಹಾಲಿನಲ್ಲಿ ಬಳಸಿಕೊಂಡೆವು. ಕರ್ಟನ್ನಿಗೆ ಚೆನ್ನಾಗಿ ಮ್ಯಾಚ್ ಆಗುತ್ತಿತ್ತು.

ಈಗ ಅತ್ತೆಯೂ ಇಲ್ಲ, ಪ್ಲೀಡರೂ ಇಲ್ಲ. ನಮ್ಮವರಿದ್ದಾರೆ, ಗೊರಕೆಯೂ ಇದೆ. ಸೆಟ್ಟಿನ ಒಂದೊಂದೇ ಭಾಗ ಬದಲಾಯಿಸುತ್ತ ಬಂದು ಹಳೆಯದು ಒಂದೂ ಉಳಿದಿಲ್ಲ. ಈಗಿನ ಸ್ಪೀಕರುಗಳನ್ನು ಎದುರಿಗೆ ಇಟ್ಟಿದ್ದೇವೆ, ಅಳತೆ ಹಿಡಿದು, ಪುಸ್ತಕದಲ್ಲಿ ಹೇಳಿದ ಹಾಗೆ. ಅಂಚು ಒಡೆದ ರೆಕಾರ್ಡನ್ನು ಹಾಕಿದಾಗ ವೀಣೆ ಕೇಳುತ್ತದೆ, ಪಿಟೀಲು ಹೇಳುತ್ತದೆ, ಎಲ್ಲ ಅಚ್ಚುಕಟ್ಟು. ಸ್ವಲ್ಪ ಹೊತ್ತಾದ ಮೇಲೆ ನಮ್ಮವರು ನನ್ನ ಮುಖ ನೋಡುತ್ತಾರೆ. “ಏನೋ ಕಡಿಮೆ ಇದೆ ಕಣೇ. ಆಂಪ್ಲಿಫೈಯರ್ ಇರಬಹುದಾ?” ಎನ್ನುತ್ತಾರೆ. ಇರಬಹುದು ಎನ್ನುತ್ತೇನೆ.

ಅತ್ತೆಯ ಹಲಗೆ ನನ್ನ ಹತ್ತಿರವೇ ಇದೆ. ಒಂದೆರಡು ಸಲ ವೀಣೆಯ ಸರದಿ ಬಂದಾಗ ಹಿಟ್ಟು ಕಲಸಿಕೊಂಡು ಕೂತೂ ನೋಡಿದೆ. ಭೂಪಟ ಬಂತು, ತಾಳ ಬರಲಿಲ್ಲ. ಆದ್ದರಿಂದ ಈಗ ಅದರ ಮೇಲೆ ದಿನಾ ಬೆಳಿಗ್ಗೆ ಬ್ರೆಡ್ಡು ಕತ್ತರಿಸುತ್ತೇನೆ, ಸಿಸ್ಟರುಗಳು ಕಲಿಸಿದ ಹಾಗೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದಿಷ್ಟೂ ಸದ್ದಾಗದಂತೆ.